ತಾರೀಖಿನ ಚೀಟಿ ಇಟ್ಟು ಗೊಂಬೆಯ ಫೋಟೊ ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಸಣ್ಣ ಗೊಂಬೆಗಳಿಗೆ ಬಣ್ಣ ಹಚ್ಚಿ ಅದರ ಫೋಟೊ ಹಾಕುವವರು, ಆ ಫೋಟೊ ನೋಡಿ ದಸರಾಕ್ಕೆ ಗೊಂಬೆ ಕೊಳ್ಳುವವರು, ಇಬ್ಬರೂ ದಯವಿಟ್ಟು ಪೂರ್ತಿ ಓದಿ. "ಗೊಂಬೆ ನಿಮ್ಮ ಹತ್ರಾನೇ ಇದೆ ಅನ್ನೋದಕ್ಕೆ ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು ಒಂದು ಫೋಟೊ ಕಳಿಸಿ" ಅಂತ ಕೇಳುವುದು ಈಗ ಎಲ್ಲ ಕಡೆ ರೂಢಿ. ಮೋಸಗಾರರು ಹಿಡಿದಿರುವುದು ಅದೇ ರೂಢಿಯನ್ನು. ಗೊಂಬೆ ನನ್ನದು, ಮೇಜು ನನ್ನದು, ಚೀಟಿಯ ಮೇಲಿನ ಕೈಬರಹವೂ ನನ್ನದೇ. ದುಡ್ಡು ಹೋಗಿದ್ದು ಯಾರದ್ದೋ ಖಾತೆಗೆ. ಕಳೆದುಕೊಂಡವರು ಶಿವಮೊಗ್ಗದ ಕಡೆಯ ಒಬ್ಬರು ನಿವೃತ್ತ ಟೀಚರ್.

ನಾನು ಮೈಸೂರಿನವಳು. ಜಂಬೂ ಸವಾರಿಯ ಸೆಟ್ ಮಾಡುತ್ತೇನೆ. 54 ಮಿಲಿಮೀಟರ್ ಅಳತೆ, ಅಂದರೆ ನಿಂತ ಮನುಷ್ಯನ ಗೊಂಬೆ ಸುಮಾರು ಹೆಬ್ಬೆರಳಿನಷ್ಟು ಎತ್ತರ. ಮುಂದೆ ಬಾವುಟದ ನಿಶಾನೆ ಆನೆ, ಆಮೇಲೆ ನಗಾರಿಯ ನೌಪತ್ ಆನೆ, ಬ್ಯಾಂಡಿನವರು, ಕುದುರೆ ಸವಾರರು, ಎರಡು ಪಕ್ಕದಲ್ಲಿ ಜೊತೆಗೆ ನಡೆಯುವ ಕುಮ್ಕಿ ಆನೆ, ನಡುವೆ ಅಂಬಾರಿ ಹೊತ್ತ ಆನೆ. ಅಂಬಾರಿ ಆನೆಯನ್ನು ದಸರಾ ಆನೆ ಅರ್ಜುನನ ಫೋಟೊಗಳನ್ನು ನೋಡಿಕೊಂಡು ಮಾಡಿದ್ದು. 2012ರಿಂದ 2019ರವರೆಗೆ 750 ಕೆಜಿಯ ಅಂಬಾರಿ ಹೊತ್ತವನು ಅವನು, 2020ರಿಂದ ಆ ಜವಾಬ್ದಾರಿ ಅಭಿಮನ್ಯುವಿಗೆ ಬಂತು. ಅರ್ಜುನನನ್ನು ಕಣ್ಣಾರೆ ನೋಡಿ ಬೆಳೆದವರಿಗೆ ಈ ಆನೆ ಬರೀ ಶೋಕೇಸಿನ ಸಾಮಾನಲ್ಲ, ಅಲ್ವಾ. ಅದಕ್ಕೇ ಸಿಟ್ಟು ಜಾಸ್ತಿ ಬಂದಿದ್ದು.

ಇಷ್ಟು ಸಣ್ಣ ಗೊಂಬೆಯ ಫೋಟೊ ತೆಗೆಯುವುದು ಬಣ್ಣ ಹಚ್ಚುವಷ್ಟೇ ಕೆಲಸ. ಮೊಬೈಲನ್ನು ಹತ್ತಿರ ಹಿಡಿದರೆ ಸೊಂಡಿಲು ದಪ್ಪಗೆ, ಹಿಂದಿನ ಕಾಲು ಪುಟ್ಟದಾಗಿ ಕಾಣುತ್ತದೆ. ಆದ್ದರಿಂದ ದೂರ ನಿಂತು ಎರಡು ಪಟ್ಟು ಜೂಮ್ ಮಾಡಬೇಕು. ಕ್ಯಾಮೆರಾ ಆದರೆ ಅಪರ್ಚರ್ (ಬೆಳಕು ಬರುವ ಕಿಂಡಿ) ಚಿಕ್ಕದು ಮಾಡಿ ಎಫ್ 11, ಎಫ್ 16ಕ್ಕೆ ಇಡಬೇಕು, ಇಲ್ಲದಿದ್ದರೆ ಮಾವುತನ ಮುಖ ಸ್ಪಷ್ಟವಾಗಿ ಬಂದು ಹಿಂದಿನ ಅಂಬಾರಿಯ ಕಂಬ ಮಸುಕಾಗುತ್ತದೆ. ಎರಡು ಬದಿಗೂ ಟೇಬಲ್ ಲ್ಯಾಂಪ್, ಅದರ ಮುಂದೆ ಬಟರ್ ಪೇಪರ್. ಬಟರ್ ಪೇಪರ್ ಇಲ್ಲದೆ ನೇರ ಬೆಳಕು ಬಿದ್ದರೆ ಅಂಬಾರಿಯ ಚಿನ್ನದ ಬಣ್ಣ ಬರೀ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ನಕಾಶೆ ಏನೂ ಉಳಿಯುವುದಿಲ್ಲ. ಹಿಂದೆ ಬೂದು ಬಣ್ಣದ ಚಾರ್ಟ್ ಪೇಪರ್ ಬಾಗಿಸಿ ಇಡುತ್ತೇನೆ. ಇಷ್ಟೆಲ್ಲ ಮಾಡಿದ ಮೇಲೆ ಗೊಂಬೆ ನಿಜವಾದ ಆನೆಯಷ್ಟು ದೊಡ್ಡದಾಗಿ ಕಾಣುತ್ತದೆ. ಅಂಥ ಫೋಟೊವನ್ನೇ ಕಳ್ಳರು ಹುಡುಕುವುದು.

ಗಣೇಶನ ಹಬ್ಬ ಮುಗಿದ ಕೂಡಲೇ ವಿಚಾರಿಸುವವರ ಸಂಖ್ಯೆ ಏರುತ್ತದೆ. ಆಗಲೇ ಒಬ್ಬರು ಮೆಸೇಜ್ ಮಾಡಿದರು. ಕನ್ನಡ ಚೆನ್ನಾಗಿತ್ತು, ಮಾತೂ ಮರ್ಯಾದೆಯಿಂದಲೇ ಇತ್ತು. "ಮೇಡಂ, ಅಮ್ಮ ಗೊಂಬೆ ಕೂರಿಸ್ತಾರೆ, ಈ ಸಲ ಅವರಿಗೆ ಈ ಸೆಟ್ ಕೊಡಬೇಕು ಅಂತಿದ್ದೀನಿ. ತಾರೀಖು ಬರೆದು ಒಂದು ಫೋಟೊ ಕಳಿಸ್ತೀರಾ?" ಕಳಿಸಿದೆ. ಆಮೇಲೆ ಅಂಬಾರಿ ಆನೆಯನ್ನು ಸುತ್ತ ತಿರುಗಿಸಿದ ವಿಡಿಯೊ ಕೇಳಿದರು. ಅದೂ ಹೋಯಿತು. ಮರುದಿನ ಬೆಳಗ್ಗೆ ಇನ್ನೊಂದು ಬೇಡಿಕೆ ಬಂತು: ಕುದುರೆ ಸವಾರನ ಪಕ್ಕ ಒಂದು ಚಮಚ ಇಟ್ಟು ಫೋಟೊ ತೆಗೆಯಿರಿ, ಅಮ್ಮನಿಗೆ ಅಳತೆ ಗೊತ್ತಾಗಬೇಕು. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರು ಇಷ್ಟು ಕೇಳುವುದು ನ್ಯಾಯವೇ. ನೂಲು ಹಿಡಿದು ಸೀರೆ ನೋಡುವ ಊರು ನಮ್ಮದು. ಅದಾದ ಮೇಲೆ ಆ ಕಡೆಯಿಂದ ಒಂದು ಮಾತಿಲ್ಲ. ಕೊಳ್ಳುವವರು ಹೀಗೆ ಮಾಯವಾಗುವುದು ಹೊಸದೇನಲ್ಲ ಅಂತ ನಾನು ನನ್ನ ಕೆಲಸಕ್ಕೆ ಹೋದೆ.

ನವರಾತ್ರಿಗೆ ಸ್ವಲ್ಪ ಮುಂಚೆ ಆ ಟೀಚರ್ ಫೋನ್ ಮಾಡಿದರು. ಅವರ ಅಣ್ಣನ ಮಗ ಫೋಟೊ ಹಿಡಿದು ಹುಡುಕಿ ನನ್ನ ಪುಟ ಪತ್ತೆ ಮಾಡಿದ್ದ. "ಏನಮ್ಮಾ, ದುಡ್ಡು ತಗೊಂಡು ಫೋನ್ ಯಾಕೆ ಬ್ಲಾಕ್ ಮಾಡಿದ್ರಿ? ದಿನಾ ಬಾಗಿಲು ನೋಡ್ಕೊಂಡು ಕೂತಿದ್ದೀನಿ" ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅವರಿಗೆ ಬಂದಿದ್ದ ಫೋಟೊಗಳನ್ನೆಲ್ಲ ಕಳಿಸಿ ಅಂದೆ. ಚೀಟಿ ಇಟ್ಟ ಫೋಟೊ ಇತ್ತು. ತಿರುಗಿಸಿದ ವಿಡಿಯೊ ಇತ್ತು. ಚಮಚವೂ ಇತ್ತು. ಚಮಚ ಕೇಳಿದ್ದು ಆ ಟೀಚರೇ.

ಕೆಲಸ ನಡೆದಿದ್ದು ಹೀಗೆ. ಯಾರೋ ನನ್ನ ಹಳೆಯ ಫೋಟೊಗಳನ್ನು ತೆಗೆದುಕೊಂಡು ಬೇರೆ ಹೆಸರಿನಲ್ಲಿ ಪುಟ ಮಾಡಿ, ನನ್ನ ಬೆಲೆಗಿಂತ ತುಂಬಾ ಕಡಿಮೆಗೆ ಸೆಟ್ ಮಾರಾಟಕ್ಕಿಟ್ಟಿದ್ದರು. ಟೀಚರ್ ಹುಷಾರಿನವರು, ಪುರಾವೆ ಇಲ್ಲದೆ ದುಡ್ಡು ಹಾಕುವವರಲ್ಲ. ಅವರು ಆ ಪುಟಕ್ಕೆ ತಾರೀಖಿನ ಫೋಟೊ ಕೇಳಿದರು. ಪುಟದವನು ಗಿರಾಕಿಯ ವೇಷದಲ್ಲಿ ಅದನ್ನೇ ನನ್ನ ಹತ್ತಿರ ಕೇಳಿದ. ನಾನು ಕಳಿಸಿದ್ದು ನಿಮಿಷದಲ್ಲಿ ಅವರಿಗೆ ತಲುಪಿತು. ಅವರು ಏನು ಕೇಳಿದರೂ ಅದು ನನ್ನ ಮೇಜಿಗೆ ಬರುತ್ತಿತ್ತು, ನಾನು ಏನು ಕಳಿಸಿದರೂ ಅವರಿಗೆ ಹೋಗುತ್ತಿತ್ತು. ಮಧ್ಯೆ ಇದ್ದವನ ಹತ್ತಿರ ಒಂದು ಗೊಂಬೆಯೂ ಇರಲಿಲ್ಲ. ಅವರಿಗೆ ಸಿಕ್ಕ ಪುರಾವೆ ಪೂರ್ತಿ ನಿಜ. ಗೊಂಬೆ ಇದೆ, ಇವತ್ತೇ ತೆಗೆದ ಫೋಟೊ, ಕೇಳಿದ ಹಾಗೇ ತೆಗೆದಿದ್ದು. ಅದು ಯಾರ ಹತ್ತಿರ ಇದೆ ಅನ್ನುವುದನ್ನು ಮಾತ್ರ ಫೋಟೊ ಹೇಳುವುದಿಲ್ಲ.

ಒಂದು ಸಂಗತಿಯನ್ನು ಟೀಚರ್ ಆಗಲೇ ಗಮನಿಸಿದ್ದರು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಸೆಟ್ ಸಾಗಿಸುವಾಗ ಅಂಬಾರಿ ಆನೆಯ ಬಲದಂತದ ತುದಿ ಮುರಿದಿತ್ತು. ಎಂ-ಸೀಲ್ ಹಾಕಿ ಕೂರಿಸಿ, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ದಂತದ ಬಣ್ಣ ಹಚ್ಚಿದ್ದೆ. ದೊಡ್ಡದು ಮಾಡಿ ನೋಡಿದರೆ ಅಲ್ಲೊಂದು ಕೂದಲೆಳೆ ಗೆರೆ ಕಾಣುತ್ತದೆ. ಆ ಕಳ್ಳ ಪುಟದ ಫೋಟೊಗಳಲ್ಲಿ ಗೆರೆ ಎಡದಂತದಲ್ಲಿತ್ತು! ಮಾವುತನ ಅಂಕುಶವೂ ಎಡಗೈಗೆ ಹೋಗಿತ್ತು. ಫೋಟೊ ಹಾಕಿ ಹುಡುಕಿದರೆ ಮೂಲ ಸುಲಭವಾಗಿ ಸಿಗಬಾರದು ಅಂತ ಎಲ್ಲ ಫೋಟೊಗಳನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಅಡ್ಡ ತಿರುಗಿಸಿ ಹಾಕಿದ್ದರು. ಸೊಂಡಿಲ ಮೇಲೆ ಬರೆದ ಗಂಡಭೇರುಂಡ ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತದೆ, ಅದರಿಂದ ಪತ್ತೆಯಾಗುವುದಿಲ್ಲ. ಆದರೆ ಚೀಟಿ ಇಟ್ಟ ಫೋಟೊವನ್ನು ತಿರುಗಿಸಿದರೆ ತಾರೀಖೂ ತಿರುಗಿಬಿಡುತ್ತದಲ್ಲ, ಅದನ್ನು ಇದ್ದ ಹಾಗೇ ಕಳಿಸಿದ್ದರು. ಎರಡೂ ಫೋಟೊ ಅಕ್ಕಪಕ್ಕ ಇಟ್ಟು ಟೀಚರ್ ಕೇಳಿದ್ದರಂತೆ: "ಇದರಲ್ಲಿ ಅಂಕುಶ ಬಲಗೈಲಿದೆ, ಅದರಲ್ಲಿ ಎಡಗೈಲಿದೆ, ಯಾಕೆ?" ಅವನು "ನಮ್ಮ ಹತ್ರ ಎರಡು ಸೆಟ್ ಇದೆ ಅಮ್ಮಾ, ನಿಮಗೆ ಒಳ್ಳೇದನ್ನೇ ಕಳಿಸ್ತೀವಿ" ಅಂದನಂತೆ. ಕೈಯಲ್ಲಿ ಮಾಡಿದ ಎರಡು ಗೊಂಬೆಗೆ ಒಂದೇ ಥರದ ಗೆರೆ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಒಂದಕ್ಕೆ ಬಲದಂತದಲ್ಲಿ, ಇನ್ನೊಂದಕ್ಕೆ ಎಡದಂತದಲ್ಲಿ, ಬೀಳಲು ಸಾಧ್ಯವಿಲ್ಲ. ಕೊಳ್ಳುವವರೇ, ಪುಟದ ಫೋಟೊ ಮತ್ತು ನಿಮಗೆ ಕಳಿಸಿದ ಫೋಟೊ ಎರಡನ್ನೂ ಹೀಗೆ ಹೋಲಿಸಿ ನೋಡಿ. ಎಡಬಲ ಅದಲುಬದಲಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಗೂಗಲ್ ಲೆನ್ಸ್‌ನಲ್ಲಿ ಹುಡುಕುವಾಗಲೂ ಫೋಟೊ ಇದ್ದ ಹಾಗೆ ಒಮ್ಮೆ, ಅಡ್ಡ ತಿರುಗಿಸಿ ಇನ್ನೊಮ್ಮೆ ನೋಡಿ.

ದುಡ್ಡಿನ ವಿಷಯ ಎಲ್ಲ ಕಡೆಯೂ ಒಂದೇ ಕಥೆ. ಮೊದಲು ಅರ್ಧ ಮುಂಗಡ. ಆಮೇಲೆ ಗಾಜಿನ ಸಾಮಾನಿನ ಥರ ಪ್ಯಾಕ್ ಮಾಡಬೇಕು ಅಂತ ಒಂದಿಷ್ಟು. ಆಮೇಲೆ ಕೊರಿಯರ್ ವಿಮೆ, ಗೊಂಬೆ ತಲುಪಿದ ಮೇಲೆ ವಾಪಸ್ ಕೊಡ್ತೀವಿ ಅಂತ. ಟೀಚರ್ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಪುಟದ ಹೆಸರಿಗೆ ಸಂಬಂಧವೇ ಇಲ್ಲದ ಹೆಸರು ಬಂದಿತ್ತು, "ನಮ್ಮ ಲೆಕ್ಕ ನೋಡೋರ ಅಕೌಂಟ್" ಅಂದಿದ್ದ. ಯುಪಿಐನಲ್ಲಿ ದುಡ್ಡು ಕಳಿಸುವ ಮುಂಚೆ ಪರದೆ ಮೇಲೆ ಬರುವ ಹೆಸರು ಬ್ಯಾಂಕಿನಲ್ಲಿರುವ ಹೆಸರು. ಅದನ್ನು ಓದದೆ ಪಿನ್ ಒತ್ತಬೇಡಿ. ಮಾರುವವರಿಗೂ ಒಂದು ಮಾತು: ದುಡ್ಡು ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. "ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ" ಅಂತ ಯಾರಾದರೂ ಹೇಳಿದರೆ ಅಂಥವರನ್ನು ಕೂಡಲೇ ಬ್ಲಾಕ್ ಮಾಡಿ.

ಈಗ ನಾನು ಫೋಟೊ ಕಳಿಸುವ ಕ್ರಮವನ್ನೇ ಬದಲಾಯಿಸಿದ್ದೇನೆ. ಬರೀ ತಾರೀಖಿನ ಚೀಟಿ ಯಾರಿಗೂ ಕೊಡುವುದಿಲ್ಲ. ಚೀಟಿಯಲ್ಲಿ ನನ್ನ ಪುಟದ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ, ಕೇಳಿದವರ ಹೆಸರು ಇರುತ್ತದೆ, "ಬೇರೆ ಪುಟದಲ್ಲಿ ಈ ಫೋಟೊ ನೋಡಿದರೆ ದುಡ್ಡು ಕೊಡಬೇಡಿ" ಅಂತಲೂ ಬರೆದಿರುತ್ತೇನೆ. ಚೀಟಿಯನ್ನು ಗೊಂಬೆಯ ಪಕ್ಕ ಇಡುವುದಿಲ್ಲ, ಪಕ್ಕದಲ್ಲಿಟ್ಟರೆ ಕತ್ತರಿಸಿ ಹಾಕುತ್ತಾರೆ. ಆನೆಯ ಕಾಲುಗಳ ನಡುವೆ ಹಾಯಿಸಿ ಇಡುತ್ತೇನೆ. ಫೋಟೊದಲ್ಲಿ ಆನೆಯ ಕಾಲು ಕತ್ತರಿಸದೆ ಚೀಟಿಯನ್ನು ಕತ್ತರಿಸಿ ಹಾಕಲು ಆಗುವುದಿಲ್ಲ. ಮೂಲೆಯಲ್ಲಿ ತಿಳಿಯಾಗಿ ಹೆಸರು ಹಾಕುವ ವಾಟರ್‌ಮಾರ್ಕ್‌ನಿಂದ ಪ್ರಯೋಜನ ಕಮ್ಮಿ, ಒಂದು ಸಲ ಕ್ರಾಪ್ ಮಾಡಿದರೆ ಮುಗಿಯಿತು. ಅದರ ಬದಲು ಗೊಂಬೆ ನಿಂತ ಪೀಠದ ಮುಂಭಾಗದಲ್ಲೇ ಕುಂಚದಿಂದ ಪುಟದ ಹೆಸರು ಬರೆಯುತ್ತಿದ್ದೇನೆ. ಕನ್ನಡಿಯಂತೆ ತಿರುಗಿಸಿದರೆ ಅಕ್ಷರವೂ ತಿರುಗುತ್ತದೆ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ವಿಡಿಯೊ ಬೇಕು ಅಂದವರಿಗೆ ವಿಡಿಯೊ ಕಾಲ್ ಮಾಡಿ ಅನ್ನುತ್ತೇನೆ. ಗೊಂಬೆ ಕೈಯಲ್ಲಿ ಹಿಡಿದು, ನನ್ನ ಮುಖವೂ ಕಾಣುವ ಹಾಗೆ, ನನ್ನ ಹೆಸರು ಹೇಳಿ ಮಾತಾಡುತ್ತೇನೆ. ಮಧ್ಯೆ ನಿಂತವನಿಗೆ ಅದನ್ನು ದಾಟಿಸುವುದು ಕಷ್ಟ.

ಪುಟಕ್ಕೆ ಹಾಕುವ ಫೋಟೊ ಅಗಲ 1080 ಪಿಕ್ಸೆಲ್ ದಾಟುವುದಿಲ್ಲ. ದೊಡ್ಡ ಮೂಲ ಫೈಲ್ ನನ್ನ ಹತ್ತಿರವೇ ಇರುತ್ತದೆ, ಅದನ್ನು ಯಾರಿಗೂ ಕೊಡುವುದಿಲ್ಲ. ಫೋಟೊ ನನ್ನದು ಅಂತ ತೋರಿಸಲು ಅದೇ ಆಧಾರ. ಜೊತೆಗೆ ಬಣ್ಣ ಹಚ್ಚುವ ಮುಂಚಿನ ಬೂದು ಪ್ರೈಮರ್ (ಅಡಿಬಣ್ಣ) ಹಂತದ ಫೋಟೊ, ಪೀಠದ ಅಡಿಯ ಫೋಟೊ ಇಂಥ ಕೆಲವನ್ನು ಎಲ್ಲೂ ಹಾಕದೆ ಇಟ್ಟುಕೊಂಡಿರಿ. ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗ ಫೋಟೊ ಫೈಲಿನ ಒಳಗೇ ಕೂತಿರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಅದು ಅಳಿಸಿಹೋಗುತ್ತದೆ. "ಕ್ವಾಲಿಟಿ ಸಾಲದು, ಡಾಕ್ಯುಮೆಂಟ್ ಆಗಿ ಕಳಿಸಿ" ಅಂತ ಕೇಳಿದಾಗ ಹಾಗೇ ಕಳಿಸಿದರೆ ಮನೆಯ ಜಾಗವೂ ಜೊತೆಗೆ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ.

ದೂರು ಕೊಡುವ ವಿಚಾರ. ಫೋಟೊ ತೆಗೆದ ಕ್ಷಣದಿಂದ ಅದರ ಹಕ್ಕು ತೆಗೆದವರದ್ದು, 1957ರ ಕಾಪಿರೈಟ್ ಕಾಯ್ದೆಯಲ್ಲಿ ಇದಕ್ಕೆ ನೋಂದಣಿ ಕಡ್ಡಾಯ ಅಂತ ಇಲ್ಲ. 2013ರ ಕಾಪಿರೈಟ್ ನಿಯಮದ ಪ್ರಕಾರ ಸರಿಯಾದ ವಿವರದ ಜೊತೆ ಲಿಖಿತ ದೂರು ಕೊಟ್ಟರೆ ಜಾಲತಾಣ 36 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು. ಆ ತಡೆ 21 ದಿನ ಇರುತ್ತದೆ, ಅಷ್ಟರಲ್ಲಿ ಕೋರ್ಟ್ ಆದೇಶ ತರದಿದ್ದರೆ ಫೋಟೊ ಮತ್ತೆ ತೆರೆಯಬಹುದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ಕಾಪಿರೈಟ್ ದೂರಿನ ಫಾರಂ ತುಂಬುವಾಗ ಒಂದು ಎಚ್ಚರ: ಅಲ್ಲಿ ಕೊಟ್ಟ ಹೆಸರು, ಇಮೇಲ್ ಎದುರು ಪಾರ್ಟಿಗೂ ಹೋಗುತ್ತದೆ. ಮನೆ ಮಂದಿಯ ಬ್ಯಾಂಕಿಗೆಲ್ಲ ಬಳಸುವ ಇಮೇಲ್ ಕೊಡಬೇಡಿ, ಇದಕ್ಕೇ ಅಂತ ಒಂದು ಹೊಸದು ಮಾಡಿಕೊಳ್ಳಿ. ದೂರು ಕೊಡುವ ಮುಂಚೆ ಆ ಪುಟದ ವಿಳಾಸ, ಫೋಟೊಗಳು, ಫೋನ್ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪುಟ ಒಮ್ಮೆ ಹೋದರೆ ಪೊಲೀಸರಿಗೆ ತೋರಿಸಲು ಏನೂ ಇರುವುದಿಲ್ಲ.

ದುಡ್ಡು ಹೋದವರು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಿಕ್ಕಿದ್ದೆಲ್ಲ ಆಮೇಲೆ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ಬ್ಯಾಂಕ್ ತಡೆಯಲು ಅದು ವೇಗದ ದಾರಿ. ಯುಪಿಐ ರಸೀದಿಯಲ್ಲಿರುವ 12 ಅಂಕಿಯ ನಂಬರ್ ಕೈಯಲ್ಲಿ ಇಟ್ಟುಕೊಂಡಿರಿ, ಅದನ್ನೇ ಕೇಳುತ್ತಾರೆ. ಟೀಚರ್ 1930ಕ್ಕೆ ಫೋನ್ ಮಾಡಿದ್ದು ಪಾರ್ಸೆಲ್ ಬರುತ್ತದೆ ಅಂತ ಕಾದು ಕಾದು ಆದ ಮೇಲೆ, ಅಷ್ಟರಲ್ಲಿ ಮುಂಗಡದ ದುಡ್ಡು ಖಾಲಿಯಾಗಿತ್ತು. ಕೊನೆಗೆ ಹಾಕಿದ ವಿಮೆಯ ಕಂತು ಮಾತ್ರ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ, ಇನ್ನೂ ಕೈಗೆ ಬಂದಿಲ್ಲ. ನಾವಿಬ್ಬರೂ ಅವರವರ ಊರಿನಲ್ಲಿ ದೂರು ಕೊಟ್ಟಿದ್ದೇವೆ. ನನ್ನ ಚಾಟ್, ಅವರ ಚಾಟ್ ಎರಡನ್ನೂ ಸಮಯದ ಪ್ರಕಾರ ಜೋಡಿಸಿ ಕೊಟ್ಟಿದ್ದಕ್ಕೆ ಪೊಲೀಸರಿಗೂ ವಿಷಯ ಬೇಗ ಅರ್ಥವಾಯಿತು.

ಕಳ್ಳ ಪುಟವನ್ನು ತೆಗೆದಿದ್ದಾರೆ. ಆದರೆ ಅದೇ ಫೋಟೊಗಳು ಇನ್ನೊಂದು ಹೆಸರಿನಲ್ಲಿ ಮತ್ತೆ ಓಡಾಡುತ್ತಿವೆ, ಈ ಸಲ ಕಾಮೆಂಟ್ ಹಾಕಲು ಬಿಡದ ಹಾಗೆ ಮಾಡಿದ್ದಾರೆ. ಎಡದಂತದಲ್ಲಿ ಗೆರೆ ಇರುವ, ಎಡಗೈಯಲ್ಲಿ ಅಂಕುಶ ಹಿಡಿದ ಮಾವುತನಿರುವ ಅಂಬಾರಿ ಆನೆ ಎಲ್ಲಾದರೂ ಮಾರಾಟಕ್ಕೆ ಕಂಡರೆ ಅಲ್ಲಿ ಮಾತಾಡಿಸಲು ಹೋಗಬೇಡಿ. ಲಿಂಕ್ ನನಗೆ ಕಳಿಸಿ, ನಾನು ದೂರಿಗೆ ಸೇರಿಸುತ್ತೇನೆ.