ಸಾಮಾನು ಚೆನ್ನಾಗಿದೆ, ಸಂಬಳ ಚೆನ್ನಾಗಿಲ್ಲ: ನವನಗರದ ಸೂಪರ್ ಮಾರ್ಕೆಟ್, ಮೂರು ಸ್ಟಾರ್

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ ಹತ್ತಿರದ ಸೂಪರ್ ಮಾರ್ಕೆಟ್‌ಗೆ ಎರಡು ವರ್ಷದಿಂದ ಹೋಗುತ್ತಿದ್ದೇನೆ. ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿ ದುಡಿಯುವ ಹುಡುಗಿಯರಿಗೇ ತೊಂದರೆ. ಸಾಮಾನು ನಿಜಕ್ಕೂ ಚೆನ್ನಾಗಿದೆ. ತೊಗರಿಬೇಳೆಯಲ್ಲಿ ಕಲ್ಲಿಲ್ಲ, ಜೋಳ ಬೀಸಿಸಿದರೆ ರೊಟ್ಟಿ ಬಡಿಯುವಾಗ ಹರಿಯುವುದಿಲ್ಲ, ರೇಟೂ ಕಿರಾಣಿ ಅಂಗಡಿಗಿಂತ ಎರಡು ಮೂರು ರೂಪಾಯಿ ಕಡಿಮೆ.

ಸಂಜೆ ಏಳಕ್ಕೆ ಹೋದರೆ ಸಾಲು ಬಾಗಿಲವರೆಗೂ ಇರುತ್ತದೆ. ಬಿಲ್ಲಿಂಗ್ ಮಾಡುವ ತಂಗಿ ಕೌಂಟರ್ ಕೆಳಗೆ ಚಪ್ಪಲಿ ಬಿಟ್ಟು, ಒಂದು ಪಾದವನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ನಿಂತೇ ಸ್ಕ್ಯಾನ್ ಮಾಡುತ್ತಿರುತ್ತಾಳೆ, ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತಾಳೆ. ಒಮ್ಮೆ ಕೇಳಿಯೇಬಿಟ್ಟೆ, ಸ್ವಲ್ಪ ಕೂತ್ಕೋಬಾರ್ದೇನವ್ವಾ ಅಂತ. "ಕುರ್ಚೀನ ಇಲ್ರೀ ಅಕ್ಕಾರ" ಅಂದಳು. ಬೆಳಗ್ಗೆ ಒಂಬತ್ತಕ್ಕೆ ಬಂದವಳು ಮನೆಗೆ ಹೋಗುವುದು ರಾತ್ರಿ ಒಂಬತ್ತೂವರೆಗೆ. ಸಂಬಳ 9,000 ರೂಪಾಯಿ. ಅದರಲ್ಲಿ ಮನೆ ಬಾಡಿಗೆಗೇ 3,500, ಉಳಿದದ್ದರಲ್ಲಿ ಅವಳು, ಅವ್ವ, ಶಾಲೆಗೆ ಹೋಗುವ ತಮ್ಮ. ಗಲ್ಲಾದಲ್ಲಿ ದುಡ್ಡು ಕಡಿಮೆ ಬಂದರೆ ಅದೂ ಸಂಬಳದಲ್ಲೇ ಕಟ್. ಹೋದ ತಿಂಗಳು ಅವಳು ಅದೇ ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ತೂಗಿಸಿಕೊಳ್ಳುವುದನ್ನು ನೋಡಿದೆ. ದಿನವಿಡೀ ಬೇರೆಯವರಿಗೆ ಐದು ಕೆಜಿ ಚೀಲ ಬಿಲ್ ಮಾಡುವವಳು.

ಸುಮ್ನೆ ಮರುಕದಿಂದ ಬರೆಯುತ್ತಿಲ್ಲ. ದುಡಿಯುವವರಿಗೆ ಬದುಕಲು ಸಾಕಾಗುವ ಸಂಬಳ ಸಿಗಬೇಕು ಅಂತ ಸಂವಿಧಾನದ 43ನೇ ವಿಧಿಯೇ ಹೇಳುತ್ತದೆ. ಕನಿಷ್ಠ ವೇತನವನ್ನು ಒಬ್ಬರ ಹೊಟ್ಟೆಗೆ ಅಲ್ಲ, ಇಡೀ ಮನೆಯ ಊಟ, ಬಟ್ಟೆ, ಬಾಡಿಗೆ ಲೆಕ್ಕ ಹಾಕಿ ಗೊತ್ತುಮಾಡಬೇಕು ಅಂತ 1957ರಲ್ಲೇ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಒಪ್ಪಿತ್ತು, ಮಕ್ಕಳ ಓದು, ಔಷಧದ ಖರ್ಚೂ ಅದರಲ್ಲಿ ಸೇರಬೇಕು ಅಂತ ಮುಂದೆ ಸುಪ್ರೀಂ ಕೋರ್ಟ್ ಹೇಳಿತು. ಹೆಚ್ಚು ಹೊತ್ತು ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಅಂತ ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲೇ ಇದೆ. ಅವಳಿಗೆ ಓಟಿ ಅನ್ನುವುದೇ ಗೊತ್ತಿಲ್ಲ. ಇನ್ನು ಕುರ್ಚಿ: ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ಕಾನೂನು ತಂದವು. ಒಂದು ಸ್ಟೂಲ್‌ಗೆ ಎಷ್ಟು ಖರ್ಚಾಗುತ್ತದೆ ಹೇಳಿ?

ಮಾಲೀಕರನ್ನೂ ಕೇಳಿದೆ. ಸಂಬಳ ಏರಿಸಿದರೆ ರೇಟು ಏರಿಸಬೇಕಾಗುತ್ತದೆ, ಗಿರಾಕಿ ಬೇರೆ ಕಡೆ ಹೋಗುತ್ತಾರೆ ಅಂದರು. ಪೈಪೋಟಿ ಇದೆ, ಒಪ್ಪುತ್ತೇನೆ. ಆದರೆ ನನ್ನ ತಿಂಗಳ ಬಿಲ್ ನಾಲ್ಕು ಸಾವಿರ, ಅದಕ್ಕೆ ನೂರು ರೂಪಾಯಿ ಜಾಸ್ತಿಯಾದರೆ ನಾನಂತೂ ಬೇರೆ ಕಡೆ ಹೋಗುವುದಿಲ್ಲ. ನನ್ನ ಹಾಗೆ ಇನ್ನೂ ಎಷ್ಟೋ ಜನ ಇರುತ್ತಾರೆ, ಅಲ್ವಾ? ಬೇಳೆ ಅಗ್ಗವಾಗಿ ಸಿಗಲಿ ಅಂತ ಒಂದು ಹುಡುಗಿಯ ಕಾಲು ಬಾತುಕೊಳ್ಳುವುದು ನನಗೆ ಬೇಡ.

ಸದ್ಯಕ್ಕೆ ಮೂರು ಸ್ಟಾರ್. ಕೌಂಟರ್ ಹಿಂದೆ ಕುರ್ಚಿ ಕಂಡ ದಿನ ನಾಲ್ಕು ಮಾಡುತ್ತೇನೆ, ಸಂಬಳ ಏರಿತು ಅಂತ ಆ ತಂಗಿ ಹೇಳಿದ ದಿನ ಐದು.