ನಮ್ಮೂರ ಪಂಚಾಯ್ತಿ ಲೈಬ್ರರಿ: ಪೇಪರಿಗೆ ಬನ್ನಿ, ಹೊಸ ಕಾದಂಬರಿಗೆ ಬೇಡ

ಮೊದಲೇ ಹೇಳಿಬಿಡ್ತೀನಿ, ಹೊಸ ಕಾದಂಬರಿ ಹುಡುಕಿಕೊಂಡು ಬಂದರೆ ಬರಿಗೈಲಿ ಹೋಗ್ತೀರಿ. ಪೇಪರು, ಪರೀಕ್ಷೆ ಪುಸ್ತಕ, ಮಕ್ಕಳ ಕಥೆ, ಕೂರೋಕೆ ತಂಪಾದ ಜಾಗ ಬೇಕಾದರೆ ಖಂಡಿತ ಬನ್ನಿ.

ತಿಪಟೂರು ಕಡೆಯ ನಮ್ಮೂರ ಲೈಬ್ರರಿ ಇರೋದು ಹಳೇ ಚಾವಡಿಯಲ್ಲಿ. ಹೆಂಚಿನ ಮಾಡು, ಕೆಂಪು ಗಾರೆ ನೆಲ. ಎದುರಿಗೇ ನನ್ನ ಟೈಲರಿಂಗ್ ಅಂಗಡಿ, ಹಾಗಾಗಿ ಬಾಗಿಲು ಎಷ್ಟೊತ್ತಿಗೆ ತೆಗೀತು ಅನ್ನೋದಕ್ಕೆ ನನಗಿಂತ ಒಳ್ಳೆ ಸಾಕ್ಷಿ ಸಿಗಲ್ಲ.

ಇದರ ಚರಿತ್ರೆ ಗೊತ್ತಾಗಬೇಕು ಅಂದ್ರೆ ಯಾವುದಾದರೂ ಹಳೇ ಪುಸ್ತಕದ ಮೊದಲ ಪುಟ ತೆಗೆದು ಸೀಲು ನೋಡಿ. ತೀರಾ ಹಳೇವಕ್ಕೆ ಯುವಕ ಸಂಘದ ನೀಲಿ ಸೀಲು. ಪಂಚಾಯ್ತಿ ರೇಡಿಯೋಗೆ ಊರೇ ಸೇರ್ತಿದ್ದ ಕಾಲದ್ದು. ಚಂದಾ ಎತ್ತಿ ತಂದ ಪತ್ತೇದಾರಿ ಕಾದಂಬರಿಗಳು, ಅರ್ಧಕ್ಕರ್ಧ ಕೊನೇ ಪುಟ ಇಲ್ಲ, ಕೊಲೆಗಾರ ಯಾರು ಅಂತ ಊರಿನ ಹಿರಿಯರನ್ನೇ ಕೇಳಬೇಕು. ಆಮೇಲಿನವಕ್ಕೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಸೀಲು. ಆಗ ಇದು ಗ್ರಂಥಾಲಯ ಇಲಾಖೆ ಕೈಲಿತ್ತು. ಪುಸ್ತಕ ಮೇಲಿಂದ ಬರೋದು, ಊರಿಗೆ ಏನು ಬೇಕು ಅಂತ ಕೇಳೋರಿರಲಿಲ್ಲ. ಕೊಬ್ಬರಿ ಊರಿಗೆ ಸೇಬಿನ ಬೇಸಾಯದ ಪುಸ್ತಕ ಬಂದಿದ್ದು ಇವತ್ತಿಗೂ ಬೀರುವಿನಲ್ಲಿದೆ, ಪುಟ ಬಿಡಿಸಿದವರಿಲ್ಲ.

2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನೆಲ್ಲ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಕೊಟ್ಟರು. ಮೂರನೇ ಸೀಲು ಅಲ್ಲಿಂದ ಶುರು. ಮಾರನೇ ವರ್ಷ ಶಾಲೆಗೆಲ್ಲ ಬೀಗ ಬಿದ್ದಿದ್ದಾಗ ‘ಓದುವ ಬೆಳಕು’ ಅಂತ ಯೋಜನೆ ಬಂತು, 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಅದಕ್ಕೆ ಮೊದಲು ಇಲ್ಲಿಗೆ ಹೆಂಗಸರು ಕಾಲಿಟ್ಟಿದ್ದು ನಾನು ಕಂಡಿಲ್ಲ. ಬೀಡಿ ಹೊಗೆ, ಎಲೆಕ್ಷನ್ ಮಾತು, ಪೇಪರು ಅಷ್ಟೇ. ಮಕ್ಕಳು ಬಂದ ಮೇಲೆ ಅವರನ್ನ ಕರೆದುಕೊಂಡು ಹೋಗೋಕೆ ತಾಯಂದಿರು ಬಂದರು, ಬಂದೋರು ಹಂಗೇ ಕೂತರು. ಈಗ ಬೋರ್ಡು ‘ಅರಿವು ಕೇಂದ್ರ’ ಅಂತಿದೆ. ಕೇರಂ, ಚೆಸ್, ಎರಡು ಕಂಪ್ಯೂಟರ್ ಇವೆ. ಒಂದು ಓಡುತ್ತೆ.

ಮೇಲ್ವಿಚಾರಕಿಗೆ ಪೂರ್ತಿ ಅಂಕ. ಪೊಲೀಸ್ ಪರೀಕ್ಷೆಗೆ ಓದೋ ಹುಡುಗ್ರಿಗೆ ಹಳೇ ಪ್ರಶ್ನೆಪತ್ರಿಕೆ ಜೋಡಿಸಿ ರಟ್ಟು ಹಾಕಿಟ್ಟಿದ್ದಾಳೆ. ‘ಅಕ್ಕಾ, ಬ್ಲೌಸ್ ಕಟಿಂಗ್ ಪುಸ್ತಕ ಬಂದಿದೆ, ಬೇರೆಯವರು ತಗೊಳ್ಳೋಕೆ ಮುಂಚೆ ಬಾ’ ಅಂತ ಅಂಗಡಿಗೇ ಬಂದು ಹೇಳಿದವಳು. ಅವಳ ಗೌರವಧನ ತಿಂಗಳಿಗೆ ಸರಿಯಾಗಿ ಬಂದ್ರೆ ನಾನೇ ಕೋಸಂಬರಿ ಹಂಚ್ತೀನಿ.

ಅಂಕ ಕಳೆಯೋದು ಬೀಗಕ್ಕೆ. ಗೋಡೆ ಮೇಲೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಫೋಟೋ ಇದೆ, ಗ್ರಂಥಪಾಲಕರ ದಿನ ಅಂತ ಆಗಸ್ಟ್ 12ಕ್ಕೆ ಹಾರ ಬೀಳುತ್ತೆ. ಪುಸ್ತಕ ಇರೋದು ಬಳಸೋಕೆ ಅನ್ನೋದೇ ಅವರ ಮೊದಲ ಸೂತ್ರ. ಅದರ ಕೆಳಗೇ ಮೂರು ಬೀರು, ಮೂರಕ್ಕೂ ಬೀಗ! ಕಳೆದರೆ ಮೇಲ್ವಿಚಾರಕಿ ತಲೆಗೇ ಬರುತ್ತೆ ಅನ್ನೋ ಭಯ, ಅವಳದೇನೂ ತಪ್ಪಿಲ್ಲ. ಹರಿದಿದ್ದು, ಕಳೆದಿದ್ದನ್ನ ವರ್ಷಕ್ಕೊಂದು ಸಲ ಲೆಕ್ಕದಿಂದ ತೆಗೆದುಹಾಕೋ ವ್ಯವಸ್ಥೆ ಮಾಡಿದರೆ ಬೀಗ ತಾನಾಗೇ ತೆರೆಯುತ್ತೆ.

‘ಪುಕ್ಕಟೆ ಸಿಗೋದಕ್ಕೆ ಇಷ್ಟು ತಕರಾರಾ’ ಅಂತ ಪಂಚಾಯ್ತಿ ಮೆಂಬರೊಬ್ಬರು ನಕ್ಕರು. ಪುಕ್ಕಟೆ ಏನಲ್ಲ ಸ್ವಾಮಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ: ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರನೂ ಇದೆ, ಕಂದಾಯದ ಮೇಲೆ ನೂರಕ್ಕೆ 6. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು ಈ ಕರ. ನಮ್ಮಪ್ಪ ಕಟ್ಟಿದ್ದಾರೆ, ನಾನೂ ಕಟ್ತಿದೀನಿ. ಹಾಗಾಗಿ ಬೀರು ತೆಗೆಸಿ ಅಂತ ಕೇಳೋಕೆ ಸಂಕೋಚಪಡಬೇಡಿ.

ಒಟ್ಟು ಐದಕ್ಕೆ ಮೂರೂವರೆ ಅಂಕ. ಸೋಮವಾರ ರಜೆ. ಪೇಪರು ಬೇಕಾದರೆ ಹತ್ತರೊಳಗೆ ಬನ್ನಿ, ಆಮೇಲೆ ಪದಬಂಧ ಯಾರಾದರೂ ತುಂಬಿಸಿಬಿಟ್ಟಿರ್ತಾರೆ.