ತುಮಕೂರಿನ ಭಾನುವಾರದ ಪಿಡಿಇ ಕ್ಲಾಸ್: ಎಂಎಸ್‌ಸಿ ಗಣಿತ ಮುಗಿಸಿದವರು ಹೋಗಿ ನೋಡಿ

ತುಮಕೂರಿನಲ್ಲಿ ಕಾಲೇಜು ಮೇಷ್ಟ್ರಾಗಲು ಬರೆಯುವ ಕೆ-ಸೆಟ್, ನೆಟ್ ಕೋಚಿಂಗ್‌ಗೆ ಬರವಿಲ್ಲ. ಆದರೆ ನೀರು, ಗಾಳಿ ಹೇಗೆ ಹರಿಯುತ್ತವೆ ಅಂತ ಹೇಳುವ ಪಿಡಿಇ (ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಷನ್), ಅಂದರೆ ನೇವಿಯರ್–ಸ್ಟೋಕ್ಸ್ ಸಮೀಕರಣವನ್ನು ಬುಡದಿಂದ ಕಲಿಯಬೇಕು ಅಂದರೆ ಬೆಂಗಳೂರಿಗೇ ರೈಲು ಹತ್ತಬೇಕು, ಐಐಎಸ್‌ಸಿಯಲ್ಲೋ ಟಿಐಎಫ್‌ಆರ್ ಸೆಂಟರ್‌ನಲ್ಲೋ ಪರಿಚಯದವರು ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎಸ್.ಎಸ್. ಪುರಂ ಕಡೆ ಒಂದು ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಕ್ಲಾಸ್ ನಡೆಯುತ್ತದೆ. ಹೊರಗೆ ಬೋರ್ಡ್ ಇಲ್ಲ. ಪಾಠ ಮಾಡುವ ನಿವೃತ್ತ ಮೇಷ್ಟ್ರು ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಅದಕ್ಕೆ ಹಾಕಿಲ್ಲ. ಫೀಸ್ ಇಲ್ಲ, ಜೆರಾಕ್ಸ್ ಖರ್ಚು ಮಾತ್ರ ಎಲ್ಲರೂ ಹಂಚಿಕೊಳ್ಳುತ್ತೇವೆ.

ಎಂಎಸ್‌ಸಿಯಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಪೇಪರ್ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಪೈಪಿನೊಳಗೆ ಹರಿಯುವ ನೀರು, ಎರಡು ಹಲಗೆಗಳ ನಡುವೆ ಹರಿಯುವ ನೀರು, ಸಮೀಕರಣದ ಅರ್ಧ ಪದಗಳನ್ನು ಸೊನ್ನೆ ಅಂತ ಹೊಡೆದು ಹಾಕಿ ಉಳಿದಿದ್ದನ್ನು ಎರಡು ಸಲ ಇಂಟಿಗ್ರೇಟ್ ಮಾಡಿದರೆ ಉತ್ತರ, ಮಾರ್ಕ್ಸು. ಹಾಗೆ ಹೊಡೆದು ಹಾಕಿದ, ವೇಗ ತನ್ನದೇ ಬದಲಾವಣೆಯನ್ನು ಗುಣಿಸುವ ನಾನ್‌ಲೀನಿಯರ್ ಪದದಲ್ಲೇ ಎಲ್ಲ ಕಷ್ಟ ಕೂತಿದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಈ ಕ್ಲಾಸ್ ಶುರುವಾಗುವುದೇ ಅಲ್ಲಿಂದ.

ಚರಿತ್ರೆಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. 1822ರಲ್ಲಿ ನೇವಿಯರ್ ಸಮೀಕರಣ ಬರೆದರು, 1845ರಲ್ಲಿ ಸ್ಟೋಕ್ಸ್ ಅದನ್ನು ಗಟ್ಟಿ ಮಾಡಿದರು, 1934ರಲ್ಲಿ ಲೆರೇ ವೀಕ್ ಸೊಲ್ಯೂಷನ್ (ಪ್ರತಿ ಬಿಂದುವಿನಲ್ಲಿ ಅಲ್ಲ, ಸರಾಸರಿ ಅರ್ಥದಲ್ಲಿ ಸಮೀಕರಣಕ್ಕೆ ಹೊಂದುವ ಪರಿಹಾರ) ಸದಾಕಾಲ ಇದ್ದೇ ಇರುತ್ತದೆ ಅಂತ ಸಾಧಿಸಿದರು. ಅಷ್ಟು ಹೇಳಿ ಸೀದಾ, ಹರಿವಿನ ಒಟ್ಟು ಎನರ್ಜಿ ಎಷ್ಟು ಮೀರದು ಅಂತ ಹೇಳುವ ಎನರ್ಜಿ ಎಸ್ಟಿಮೇಟ್‌ಗೆ ಬರುತ್ತಾರೆ.

ಇಡೀ ಕೋರ್ಸ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಪರಿಹಾರ ಒಂದೇ ಅಂತ ತೋರಿಸುವ ಯೂನಿಕ್‌ನೆಸ್ ಪಾಠ. ಒಂದೇ ಆರಂಭದ ವೇಗದಿಂದ ಹೊರಟ ಎರಡು ಪರಿಹಾರ ತಗೊಳ್ಳಿ, ಒಂದರಿಂದ ಇನ್ನೊಂದನ್ನು ಕಳೆಯಿರಿ, ಆ ವ್ಯತ್ಯಾಸದಿಂದಲೇ ಗುಣಿಸಿ ಇಂಟಿಗ್ರೇಟ್ ಮಾಡಿ. ಪ್ರೆಷರ್ ತಾನೇ ಬಿದ್ದು ಹೋಗುತ್ತದೆ, ಯಾಕಂದರೆ ದ್ರವ ಕುಗ್ಗುವುದಿಲ್ಲ. ನಾನ್‌ಲೀನಿಯರ್ ಪದದ ಒಂದು ತುಂಡು ಮಾತ್ರ ಉಳಿಯುತ್ತದೆ. ಎರಡು ಆಯಾಮದಲ್ಲಿ ಅದಕ್ಕೆ ಲೇಡಿಝೆನ್‌ಸ್ಕಾಯಾ ಇನೀಕ್ವಾಲಿಟಿ (ಒಂದು ಅಳತೆ ಇನ್ನೊಂದನ್ನು ಮೀರದು ಅನ್ನುವ ಅಸಮತೆ) ಹಾಕಿದರೆ ವೇಗ ಜಾಗದಿಂದ ಜಾಗಕ್ಕೆ ಎಷ್ಟು ಬದಲಾಗುತ್ತದೆ ಅನ್ನುವ ಗ್ರೇಡಿಯಂಟ್‌ನ ನಾರ್ಮ್ (ಅಳತೆ) ಎರಡನೇ ಘಾತದಲ್ಲಿ ಬರುತ್ತದೆ. ಕಾಲದ ಮೇಲೆ ಅದರ ಇಂಟಿಗ್ರಲ್ ಫೈನೈಟ್ ಅಂತ ಎನರ್ಜಿ ಎಸ್ಟಿಮೇಟ್ ಮೊದಲೇ ಕೊಟ್ಟಿರುತ್ತದೆ. ಗ್ರಾನ್‌ವಾಲ್ ಇನೀಕ್ವಾಲಿಟಿ ಹಾಕಿ (ಸೊನ್ನೆಯಿಂದ ಹೊರಟದ್ದು ಸೊನ್ನೆಯಲ್ಲೇ ಉಳಿಯುತ್ತದೆ ಅಂತ ಅದು ಹೇಳುತ್ತದೆ), ವ್ಯತ್ಯಾಸ ಸೊನ್ನೆ, ಮುಗಿಯಿತು.

ಆಮೇಲೆ ಬೋರ್ಡ್ ಒರೆಸದೆ ಅದೇ ಸಾಲುಗಳ ಪಕ್ಕದಲ್ಲಿ ಮೂರು ಆಯಾಮಕ್ಕೆ ಮತ್ತೆ ಬರೆದರು. ಇನೀಕ್ವಾಲಿಟಿಯ ಘಾತಗಳು ಸ್ವಲ್ಪ ಬದಲಾಗುತ್ತವೆ, ಉಳಿದದ್ದೆಲ್ಲ ಅದೇ, ಆದರೆ ಕೊನೆಗೆ ಗ್ರೇಡಿಯಂಟ್ ನಾಲ್ಕನೇ ಘಾತದಲ್ಲಿ ಬಂದು ನಿಲ್ಲುತ್ತದೆ. ಕೈಯಲ್ಲಿರುವುದು ಎರಡು, ಬೇಕಾಗಿರುವುದು ನಾಲ್ಕು. ಮೇಷ್ಟ್ರು ಆ 4ಕ್ಕೆ ಸುತ್ತು ಹಾಕಿ ಸೀಮೆಸುಣ್ಣ ಕೆಳಗಿಟ್ಟು, ‘ಈಗ ನೀವು ಮಾಡಿ’ ಅಂದರು. ಪಾವಗಡದಿಂದ ಬರುವ ಹುಡುಗಿಯೊಬ್ಬಳು ಹೋಲ್ಡರ್ ಇನೀಕ್ವಾಲಿಟಿಯ ಘಾತಗಳನ್ನು ಬೇರೆ ಥರ ಹಂಚಿದರೆ ಆಗಬಹುದಲ್ವಾ ಅಂದಳು. ಆಗಲ್ಲ ಅಂತ ಮೇಷ್ಟ್ರಿಗೆ ಗೊತ್ತಿತ್ತು, ಆದರೂ ಅವಳನ್ನೇ ಬೋರ್ಡಿಗೆ ಕರೆದು ಕೊನೆಯವರೆಗೂ ಬರೆಸಿದರು. ಎಲ್ಲಿ ಮುರಿಯಿತು ಅಂತ ಅವಳೇ ತೋರಿಸಿದಳು. ಆಮೇಲೆ ಕಾರಣ ಬಂತು: ಹರಿವನ್ನು ಸಣ್ಣ ಅಳತೆಗೆ ಕುಗ್ಗಿಸಿದರೆ ಎರಡು ಆಯಾಮದಲ್ಲಿ ಎನರ್ಜಿ ಹಾಗೇ ಉಳಿಯುತ್ತದೆ, ಮೂರು ಆಯಾಮದಲ್ಲಿ ಅದೂ ಕುಗ್ಗುತ್ತದೆ, ಹಾಗಾಗಿ ತೀರಾ ಸಣ್ಣ ಸುಳಿಗಳಲ್ಲಿ ಏನಾಗುತ್ತಿದೆ ಅಂತ ಎನರ್ಜಿಯಿಂದ ಹಿಡಿಯಲು ಆಗುವುದಿಲ್ಲ. 2000ರಲ್ಲಿ ಅಮೆರಿಕದ ಕ್ಲೇ ಗಣಿತ ಸಂಸ್ಥೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟ ಪ್ರಶ್ನೆ (ಮೂರು ಆಯಾಮದಲ್ಲಿ ನಯವಾದ ಪರಿಹಾರ ಸದಾ ನಯವಾಗೇ ಉಳಿಯುತ್ತದಾ ಅನ್ನುವುದು) ಯಾಕೆ ಇನ್ನೂ ಬಿದ್ದಿದೆ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಆ ಬೋರ್ಡ್ ಮುಂದೆ.

ಹೊಸ ಕೆಲಸವನ್ನೂ ಬಿಡುವುದಿಲ್ಲ. ಪರಿಹಾರ ಎಲ್ಲೋ ಕೆಟ್ಟರೂ (ವೇಗ ಮಿತಿಯಿಲ್ಲದೆ ಏರಿದರೂ) ಆ ಕೆಟ್ಟ ಬಿಂದುಗಳ ಗುಂಪು ತೀರಾ ಸಣ್ಣದು ಅಂತ 1982ರಲ್ಲಿ ಕಾಫರೆಲ್ಲಿ, ಕೋನ್, ನೀರನ್‌ಬರ್ಗ್ ತೋರಿಸಿದ್ದರ ಕಥೆ ಹೇಳುತ್ತಾರೆ, ಪ್ರೂಫ್ ಮಾಡುವುದಿಲ್ಲ. 2019ರ ಬಕ್‌ಮಾಸ್ಟರ್–ವಿಕೋಲ್ ಫಲಿತಾಂಶ ಹೇಳುವಾಗ ಮಾತ್ರ ಎರಡು ಸಲ ಎಚ್ಚರಿಸಿದರು. ಆ ಇಬ್ಬರು ಒಂದೇ ಆರಂಭದಿಂದ ಒಂದಕ್ಕಿಂತ ಜಾಸ್ತಿ ವೀಕ್ ಸೊಲ್ಯೂಷನ್ ಕಟ್ಟಿದ್ದು ನಿಜ, ಆದರೆ ಅವು ಎನರ್ಜಿ ಎಸ್ಟಿಮೇಟ್ ಪಾಲಿಸುವ ಲೆರೇ ಪರಿಹಾರಗಳಲ್ಲ, ಎರಡನ್ನೂ ಕಲಸಬೇಡಿ ಅಂತ. ಇಂಥ ಕಡೆ ಸುಮ್ನೆ ದಾಟಿ ಹೋಗದೆ ನಿಲ್ಲುತ್ತಾರಲ್ಲ, ಅದಕ್ಕೇ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತಿರುವುದು.

ಅರ್ಧ ಕಡಿಮೆ ಯಾಕೆ ಅಂದರೆ, ಸೊಬೊಲೆವ್ ಸ್ಪೇಸ್ (ಫಂಕ್ಷನ್ ಜೊತೆ ಅದರ ಡಿರೈವೇಟಿವ್ ಕೂಡ ಅಳೆಯುವ ಜಾಗ) ಭಾಗ ಓಡಿಸಿಬಿಟ್ಟರು. ಲೆರೇ ಪ್ರೂಫ್‌ನಲ್ಲಿ ಅಂದಾಜು ಪರಿಹಾರಗಳಿಂದ ಲಿಮಿಟ್‌ಗೆ ಹೋಗುವಾಗ ವೀಕ್ ಕನ್ವರ್ಜೆನ್ಸ್ (ಸರಾಸರಿಯಲ್ಲಿ ಮಾತ್ರ ಹತ್ತಿರವಾಗುವುದು) ಸಾಲದು, ನಿಜವಾಗಿ ಹತ್ತಿರ ಬರುವ ಸಾಲು ಸಿಗಲು ಕಾಂಪ್ಯಾಕ್ಟ್‌ನೆಸ್ ಬೇಕೇ ಬೇಕು. ಅದು ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯವಲ್ಲ. ಫಂಕ್ಷನಲ್ ಅನಾಲಿಸಿಸ್ ಮರೆತವರು ಅಲ್ಲಿ ಕೈಬಿಟ್ಟರು, ಇಬ್ಬರು ಮತ್ತೆ ಬರಲೇ ಇಲ್ಲ, ಅದು ನನಗೆ ಬೇಜಾರಾಯಿತು. ಅದಕ್ಕೆ ಇನ್ನೊಂದೆರಡು ಭಾನುವಾರ ಕೊಡಲೇಬೇಕು. ಕೈಬರಹದ ನೋಟ್ಸ್‌ನ ಜೆರಾಕ್ಸ್ ಕೂಡ ಮಸುಕು, ಘಾತ 2ಓ 3ಓ ಗೊತ್ತಾಗುವುದಿಲ್ಲ, ಈ ವಿಷಯದಲ್ಲಿ ಅದೇ ಮುಖ್ಯ ತಾನೇ. ಮೇಲೆ ಶೀಟ್ ಛಾವಣಿ, ಹನ್ನೊಂದರ ಮೇಲೆ ಕಾವು.

ಕೆ-ಸೆಟ್ ಆಬ್ಜೆಕ್ಟಿವ್ ಪ್ರಶ್ನೆಗೆ ಅಂತ ಹೋಗಬೇಡಿ, ಅಲ್ಲಿ ಅದು ಸಿಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಹರಿವು ಲೆಕ್ಕ ಹಾಕುವುದನ್ನು ಕಲಿಯಬೇಕು ಅನ್ನುವ ಎಂಜಿನಿಯರಿಂಗ್ ಹುಡುಗರಿಗೂ ಇದಲ್ಲ. ಪಾಠ ಕನ್ನಡದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ, ಶಿರಾ, ಮಧುಗಿರಿ ಕಡೆಯ ಕನ್ನಡ ಮೀಡಿಯಂ ಹುಡುಗರು ಬಾಯಿ ಬಿಟ್ಟು ಪ್ರಶ್ನೆ ಕೇಳುವುದನ್ನು ನಾನು ನೋಡಿದ್ದು ಇಲ್ಲೇ. ಮುಂದಿನ ಸುತ್ತು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ಆಯ್ಲರ್ ಸಮೀಕರಣ (ಅಂಟು, ಅಂದರೆ ವಿಸ್ಕಾಸಿಟಿ, ಇಲ್ಲದ ಹರಿವಿನದು) ಮತ್ತು ಅದರ ಪರಿಹಾರ ಯಾವಾಗ ಕೆಡಬಹುದು ಅಂತ ಹೇಳುವ 1984ರ ಬೀಲ್–ಕಾಟೋ–ಮಜ್ದಾ ಪ್ರಮೇಯ ತಗೊಳ್ಳುತ್ತಾರಂತೆ. ಲೆಬೆಗ್ ಇಂಟಿಗ್ರಲ್ ಒಮ್ಮೆ ತಿರುವಿ ಹಾಕಿಕೊಂಡು ಬನ್ನಿ, ನೋಟ್‌ಬುಕ್ ದೊಡ್ಡದೇ ತನ್ನಿ.